ಇಂದಿನ ಚಿಂತನೆ: ಯಾರ ಕೈ ಮೇಲೆ ಕಲಿತೆವು?

 

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಘಟ್ಟದ ಕೆಳಗೆ ಜಿಎನ್‌ಎಂ ನರ್ಸಿಂಗ್ ಓದುತ್ತಿದ್ದಾಳೆ. ನಮ್ಮ ಕಳಸದ ಕಡೆಯ ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದವಳು. ರಜೆಗೆ ಊರಿಗೆ ಬಂದಾಗ ನಮ್ಮ ಮನೆಗೂ ಬಂದಳು. ಬಹಳ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಹೇಳಿದಳು.

ಜನರಲ್ ವಾರ್ಡಿನಲ್ಲಿ ಅಜ್ಜಿಯೊಬ್ಬರಿಗೆ ಡ್ರಿಪ್ ಹಾಕಬೇಕಿತ್ತು. ಇವಳು ಗೊಂಬೆಯ ಕೈಗೆ ಚುಚ್ಚಿ ಕಲಿತಿದ್ದಳು, ಜೀವವಿರುವ ಕೈ ಅದೇ ಮೊದಲು. ಪ್ರೊಸೀಜರ್ ಬುಕ್ಕಿಗೆ ಸಹಿಯೂ ಬೇಕಿತ್ತು. ಅಜ್ಜಿ ಕೇಳಿದರಂತೆ, "ಅಭ್ಯಾಸ ಉಂಟಾ ಮಗಾ?" ಇವಳು "ದಿನಾ ಹಾಕ್ತೇನೆ ಅಜ್ಜಿ" ಅಂದಳು. ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಕೊನೆಗೆ ಸಿಸ್ಟರ್ ಬಂದು ಹಾಕಿದರು. ಅಜ್ಜಿ ಬೈಯಲಿಲ್ಲ. "ನನ್ನ ಕೈಯೇ ಸರಿ ಇಲ್ಲ" ಅಂದರಂತೆ.

"ಸಾರ್, ಅವರು ಹೆದರಬಾರದು ಅಂತ ಹೇಳಿದ ಸುಳ್ಳು. ತಪ್ಪಾ?"

ನನಗೆ ಮೊದಲು ನೆನಪಾದದ್ದು ನಾಲ್ಕನೆಯ ಶೀಲ, ಸುಳ್ಳಾಡದಿರುವುದು. ಅವಳು ಹೋದ ಮೇಲೆ ಎರಡನೆಯದು ಕಾಡಿತು: ಕೊಡದೆ ಇರುವುದನ್ನು ತೆಗೆದುಕೊಳ್ಳದಿರುವುದು. ಅಜ್ಜಿ ಕೈ ಕೊಟ್ಟದ್ದು ಪಳಗಿದ ನರ್ಸಿಗೆ, ಕಲಿಯುವ ಹುಡುಗಿಗಲ್ಲ. ನಿಜ ಹೇಳಿದ್ದರೂ ಅವರು ಕೈ ಚಾಚುತ್ತಿದ್ದರೇನೋ. ಆಗ ಅದು ದಾನವಾಗುತ್ತಿತ್ತು. ಈಗ ನೋವಿನ ಜೊತೆಗೆ ತಪ್ಪನ್ನೂ ಅವರೇ ಹೊತ್ತುಕೊಂಡರು.

ಎಲ್ಲರೂ ಬೇಡ ಅಂದರೆ ಕಲಿಯುವುದು ಹೇಗೆ ಎಂದು ನೀವು ಕೇಳಬಹುದು. ನಿಜ, ಯಾರದೋ ಕೈ ನೋಯದೆ ಒಬ್ಬ ನರ್ಸೂ ತಯಾರಾಗುವುದಿಲ್ಲ. ಆದರೆ ಆ ಕೈ ಹೆಚ್ಚಾಗಿ ಬೇಡ ಎನ್ನಲು ಬಾರದವರದು. ಕೂಲಿ ಮಾಡಿ ಒರಟಾದದ್ದು, ಕಾಫಿ ಹಣ್ಣು ಕುಯ್ಯುವ ಇವಳ ಅಮ್ಮನ ಕೈಯಂಥದ್ದೇ.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆಬೇನೆಯ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಅವನಿಂದ ಯಾರಿಗೂ ಉಪಯೋಗವಿರಲಿಲ್ಲ, ಹಾಗಾಗಿ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಬುದ್ಧರು ನೀರು ಹಾಕಿದರು, ಆನಂದರು ತೊಳೆದರು. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದರು ಹಿಡಿದು ಮಂಚದ ಮೇಲೆ ಮಲಗಿಸಿದರು. ಗುರು ಶಿಷ್ಯನೊಬ್ಬನನ್ನೇ ಕಳಿಸಿ ಸುಮ್ಮನಾಗಲಿಲ್ಲ. ಆಮೇಲೆ ರೋಗಿಯನ್ನು ನೋಡಿಕೊಳ್ಳುವವರಿಗೆ ಐದು ಗುಣ ಹೇಳಿದರು. ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ಸೇವೆ ಮಾಡುವುದು ಅವುಗಳಲ್ಲೊಂದು. ಪುಸ್ತಕಕ್ಕೆ ಬೀಳುವ ಸಹಿಯೂ ಒಂದು ಲಾಭವೇ ಅಲ್ಲವೇ?

ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ಹೇಳಿದೆ. ಈಗ ಹೀಗೆ ಕೇಳುತ್ತಾಳಂತೆ: "ಅಜ್ಜಿ, ನಾನು ಕಲಿಯುವವಳು. ಸಿಸ್ಟರ್ ಪಕ್ಕದಲ್ಲೇ ಇದ್ದಾರೆ. ಒಂದು ಸಲ ನೋಡ್ಲಾ?" ಕೆಲವರು ಬೇಡ ಅನ್ನುತ್ತಾರೆ. ಕೆಲವರು ಕೈ ಚಾಚುತ್ತಾರೆ.

ನನ್ನ ಮೊದಲ ವರ್ಷದ ತರಗತಿಯ ಮಕ್ಕಳು ನೆನಪಾಗುತ್ತಾರೆ. ನಾನು ಪಾಠ ಹೇಳಲು ಕಲಿತದ್ದು ಅವರ ಮೇಲೆ. ಅವರನ್ನು ಯಾರೂ ಕೇಳಿರಲಿಲ್ಲ.

ಇಂದು ಐದು ನಿಮಿಷ ಕೂತು, ನಾವು ಪಳಗಿದ್ದು ಯಾರ ಕೈ ಮೇಲೆ ಎಂದು ನೆನೆಯೋಣ. ಅವರಿಗೆ ಮೈತ್ರಿ ಕಳಿಸೋಣ.

ಎಲ್ಲರಿಗೂ ಮಂಗಳವಾಗಲಿ 🪷