ಬಿಳಿತನದ ಕೂಲಿ

ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ಓಕ್ ಪಾರ್ಕ್ ಎಂಬ ಉದ್ಯಾನವಿದೆ. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಈಜುಕೊಳವಿತ್ತು. ನಡೆಯುತ್ತಿದ್ದದ್ದು ಊರಿನ ಎಲ್ಲರ ತೆರಿಗೆಯಿಂದ, ಇಳಿದು ಈಜುವ ಹಕ್ಕು ಮಾತ್ರ ಬಿಳಿಯರದು. ಕಪ್ಪು ನಾಗರಿಕರು ಉದ್ಯಾನಗಳಲ್ಲಿನ ಈ ಭೇದದ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1959ರ ಜನವರಿ 1ರಿಂದ ನಗರಾಡಳಿತ ಎಲ್ಲ ಉದ್ಯಾನಗಳಿಗೂ ಬೀಗ ಹಾಕಿತು. ಕೊಳದ ನೀರು ಬಸಿದು ಮಣ್ಣು ತುಂಬಿಸಿತು. ಮೃಗಾಲಯದ ಪ್ರಾಣಿಗಳನ್ನೂ ಮಾರಿಬಿಟ್ಟಿತು. ಕೆಲವು ವರ್ಷಗಳ ಮೇಲೆ ಉದ್ಯಾನವನ್ನೇನೋ ತೆರೆದರು, ಕೊಳವನ್ನು ಮತ್ತೆ ಕಟ್ಟಲಿಲ್ಲ.

ಹೆದರ್ ಮಗೀ 2021ರಲ್ಲಿ ಬರೆದ ‘ದ ಸಮ್ ಆಫ್ ಅಸ್’ ಎಂಬ ಪುಸ್ತಕದಲ್ಲಿ ಈ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಾರೆ. ನನ್ನನ್ನು ಕಾಡುವ ಪ್ರಶ್ನೆ ಒಂದೇ: ಇಲ್ಲಿ ಕಳೆದುಕೊಂಡವರು ಯಾರು? ಕಪ್ಪು ಮಕ್ಕಳಿಗೆ ಆ ಕೊಳ ಮೊದಲೂ ದಕ್ಕಿರಲಿಲ್ಲ. ಮನೆಯ ಹಿತ್ತಿಲಲ್ಲೇ ಕೊಳ ಕಟ್ಟಿಸಿಕೊಳ್ಳಬಲ್ಲ ಶ್ರೀಮಂತರಿಗೆ ಏನೂ ಆಗಲಿಲ್ಲ. ಬೇಸಿಗೆಯ ಬಿಸಿಲಲ್ಲಿ ನೀರಿಲ್ಲದೆ ಉಳಿದವರು ಬಡ ಬಿಳಿಯರ ಮಕ್ಕಳು. ಅವರ ಅಪ್ಪ ಅಮ್ಮಂದಿರ ಮತ ಪಡೆದು ಬಂದ ಆಡಳಿತವೇ ಈ ಕೆಲಸ ಮಾಡಿತ್ತು. ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದಕ್ಕಿಂತ ತಮಗೂ ಇಲ್ಲದಿರುವುದೇ ಮೇಲು ಎಂದು ಜನ ಯಾಕೆ ಭಾವಿಸುತ್ತಾರೆ?

ಇದಕ್ಕೆ ಉತ್ತರ ಹೇಳುವ ಒಂದು ಪರಿಕಲ್ಪನೆಯನ್ನು ಕೊಟ್ಟವರು ಡಬ್ಲ್ಯು. ಇ. ಬಿ. ಡು ಬಾಯ್ಸ್. 1868ರಲ್ಲಿ ಮ್ಯಾಸಚೂಸೆಟ್ಸ್‌ನ ಸಣ್ಣ ಊರಿನಲ್ಲಿ ಹುಟ್ಟಿ, 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವ್ಯಕ್ತಿ ಅವರು. 1935ರಲ್ಲಿ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ ಎಂಬ ಬೃಹತ್ ಗ್ರಂಥ ಬರೆದರು. ಗುಲಾಮಗಿರಿ ಹೋದ ಮೇಲೆ, 1865ರಿಂದ 1877ರವರೆಗೆ, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಮತ ಹಾಕಿದರು, ಶಾಸನಸಭೆಗೆ ಆರಿಸಿ ಬಂದರು, ಶಾಲೆಗಳನ್ನು ತೆರೆಯಿಸಿದರು. ಆ ಪ್ರಯೋಗ ಮುರಿದುಬಿದ್ದದ್ದು ಹೇಗೆ ಎಂಬುದು ಗ್ರಂಥದ ವಸ್ತು. ಬಡ ಬಿಳಿಯ ಕೂಲಿಗಾರನೂ ಬಡ ಕಪ್ಪು ಕೂಲಿಗಾರನೂ ಒಂದೇ ಹೊಲದಲ್ಲಿ ಒಂದೇ ಧಣಿಗೆ ದುಡಿಯುತ್ತಿದ್ದರು. ಇಬ್ಬರ ಹಿತವೂ ಒಂದೇ ಆಗಿತ್ತು. ಆದರೂ ಅವರು ಜೊತೆಗೂಡಲಿಲ್ಲ. ಡು ಬಾಯ್ಸ್ ಕಂಡುಕೊಂಡ ಕಾರಣ ಹೀಗಿದೆ: ಬಿಳಿಯ ಕೂಲಿಗಾರನಿಗೆ ಕೈಗೆ ಬರುವ ಕಾಸು ಕಡಿಮೆಯಾದರೂ ಅದರ ಜೊತೆಗೆ ಇನ್ನೊಂದು ಕೂಲಿ ಸಿಗುತ್ತಿತ್ತು. ಅದು ಮಾನಸಿಕ ಕೂಲಿ. ಬೀದಿಯಲ್ಲಿ ಅವನಿಗೆ ಮರ್ಯಾದೆ ಇತ್ತು. ಉದ್ಯಾನಕ್ಕೂ ಒಳ್ಳೆಯ ಶಾಲೆಗೂ ಪ್ರವೇಶವಿತ್ತು. ಪೊಲೀಸರು ಅವನ ಕಡೆಯವರೇ ಆಗಿದ್ದರು, ನ್ಯಾಯಾಲಯ ಅವನ ವಿಷಯದಲ್ಲಿ ಮೃದುವಾಗಿತ್ತು. ಎಷ್ಟೇ ಬಡವನಾದರೂ ತನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಭರವಸೆ ಅವನಿಗೆ ಸಿಕ್ಕಿತ್ತು.

ಈ ಕೂಲಿಯನ್ನು ಕೊಡುವವರಿಗೆ ಅದರಿಂದ ಖರ್ಚೇ ಇಲ್ಲ. ಇಲ್ಲೇ ಡು ಬಾಯ್ಸರ ಒಳನೋಟದ ಮೊನಚು ಇರುವುದು. ಧಣಿ ಸಂಬಳ ಏರಿಸಬೇಕಾಗಿಲ್ಲ. ಮರ್ಯಾದೆಯ ಏಣಿಯಲ್ಲಿ ಒಂದು ಮೆಟ್ಟಿಲು ಮೇಲಿಟ್ಟರೆ ಸಾಕು.

ಬಿಳಿತನ ಪ್ರಕೃತಿ ಕೊಟ್ಟದ್ದು, ಜನಾಂಗ ದ್ವೇಷ ಮನುಷ್ಯನ ರಕ್ತದಲ್ಲೇ ಇದೆ ಎಂದು ನಂಬುವವರು ವರ್ಜೀನಿಯಾದ ಇತಿಹಾಸವನ್ನು ನೋಡಬೇಕು. 1676ರಲ್ಲಿ ನಥಾನಿಯಲ್ ಬೇಕನ್ ಎಂಬ ಜಮೀನ್ದಾರನ ಹಿಂದೆ ಬಿಳಿಯ ಜೀತದಾಳುಗಳೂ ಕಪ್ಪು ಗುಲಾಮರೂ ಒಟ್ಟಾಗಿ ದಂಗೆ ಎದ್ದು ರಾಜಧಾನಿ ಜೇಮ್ಸ್‌ಟೌನನ್ನು ಸುಟ್ಟರು. ಈ ದಂಗೆಯನ್ನು ಆದರ್ಶವೆನ್ನಲಾಗದು, ಮೂಲನಿವಾಸಿಗಳ ಮೇಲಿನ ಕ್ರೂರ ದಾಳಿಯಿಂದಲೇ ಅದು ಶುರುವಾಯಿತು. ಆದರೆ ಎರಡು ಬಣ್ಣದ ಬಡವರು ಒಂದೇ ಕಡೆ ನಿಂತದ್ದನ್ನು ಕಂಡು ಒಡೆಯರು ಬೆಚ್ಚಿದರು. ಮುಂದಿನ ಮೂವತ್ತು ವರ್ಷಗಳ ಕಾನೂನುಗಳು ಈ ಇಬ್ಬರನ್ನೂ ಬೇರೆ ಬೇರೆ ಮಾಡಿದವು. 1691ರಲ್ಲಿ ಬಿಳಿಯರು ಇತರರನ್ನು ಮದುವೆಯಾಗುವುದನ್ನು ನಿಷೇಧಿಸಲಾಯಿತು. 1705ರ ಕಾಯ್ದೆಯಂತೆ ಜೀತ ಮುಗಿಸಿದ ಬಿಳಿಯನಿಗೆ ಮೆಕ್ಕೆಜೋಳ, ಹಣ, ಬಂದೂಕು ಸಿಗಬೇಕಿತ್ತು. ಅದೇ ಕಾಯ್ದೆ ಗುಲಾಮರು ಸಾಕಿಕೊಂಡಿದ್ದ ದನ, ಕುದುರೆ, ಹಂದಿಗಳನ್ನು ಕಿತ್ತು ಮಾರಿ, ಆ ಹಣವನ್ನು ಊರಿನ ಬಡವರಿಗೆ ಕೊಡಲು ಹೇಳಿತು. ಹೀಗೆ ಬಿಳಿಯನೆಂಬವನನ್ನು ಕಾನೂನು ಕಡೆದು ನಿಲ್ಲಿಸಿತು. 1790ರಲ್ಲಿ ಹೊಸ ಗಣರಾಜ್ಯ ತನ್ನ ಮೊದಲ ಪೌರತ್ವ ಕಾಯ್ದೆಯಲ್ಲಿ, ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಪೌರರಾಗಬಹುದು ಎಂದು ಬರೆಯಿತು.

ಯಾರು ಬಿಳಿಯರು ಎಂಬುದು ಮಾತ್ರ ಎಂದೂ ಖಚಿತವಾಗಿರಲಿಲ್ಲ. ಐರಿಷರನ್ನು ದೀರ್ಘಕಾಲ ಹೊರಗಿನವರಂತೆ ಕಂಡರು. 1891ರಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ಹನ್ನೊಂದು ಇಟಾಲಿಯನ್ನರನ್ನು ಗುಂಪು ಕಟ್ಟಿ ಕೊಂದರು. ಮುಂದೆ ಇವರೆಲ್ಲ ಬಿಳಿಯರ ಪಟ್ಟಿಗೆ ಸೇರಿಕೊಂಡರು. ನಮ್ಮವರೂ ಆ ಬಾಗಿಲು ತಟ್ಟಿದ್ದಾರೆ. ಪಂಜಾಬಿನಿಂದ ಹೋಗಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ತಾವು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರು ಎಂಬುದು ಅವರ ವಾದ. ಅಮೆರಿಕದವರು ಕಪ್ಪು ಜನರನ್ನು ಹೇಗೆ ಕಾಣುತ್ತಾರೋ ಮೇಲ್ಜಾತಿಯವರು ಭಾರತದ ಮೂಲನಿವಾಸಿಗಳನ್ನು ಹಾಗೆಯೇ ಕಾಣುತ್ತಾರೆ ಎಂದೂ ಅವರ ಪರ ವಾದಿಸಲಾಯಿತು. ಓದುವಾಗ ನಾಚಿಕೆಯಾಗುತ್ತದೆ. 1923ರಲ್ಲಿ ನ್ಯಾಯಾಲಯ ಒಮ್ಮತದಿಂದ ಅರ್ಜಿ ತಳ್ಳಿಹಾಕಿತು. ವಿದ್ವಾಂಸರು ಏನೇ ವರ್ಗೀಕರಿಸಲಿ, ಸಾಮಾನ್ಯ ಜನರ ಕಣ್ಣಿಗೆ ಇವರು ಬಿಳಿಯರಲ್ಲ ಎಂಬುದು ತೀರ್ಪು. ಅದರ ಬೆನ್ನಿಗೆ, ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಹಾಗೆ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ಪ್ರಾಣ ಕಳೆದುಕೊಂಡರು.

ಈ ಹಿನ್ನೆಲೆಯಿಂದ ಇಂದಿನ ಬಿಳಿ ರಾಷ್ಟ್ರೀಯವಾದವನ್ನು ನೋಡಬೇಕು. ಹಳೆಯ ಜನಾಂಗ ಶ್ರೇಷ್ಠತೆಯ ವಾದ ಬಿಳಿಯರು ಮೇಲು ಎನ್ನುತ್ತಿತ್ತು. ರಾಷ್ಟ್ರೀಯವಾದ ಅದಕ್ಕಿಂತ ಮುಂದೆ ಹೋಗಿ, ಈ ದೇಶವೇ ಬಿಳಿಯರದು, ಉಳಿದವರು ಇಲ್ಲಿ ಇರಬಾರದು ಅಥವಾ ಅಧೀನರಾಗಿ ಇರಬೇಕು ಎನ್ನುತ್ತದೆ. ಇದಕ್ಕೆ ಇಂದಿನ ರೂಪ ಬಂದದ್ದು ಬಿಳಿಯರ ಸೋಲಿನಿಂದಲ್ಲ, ಕಪ್ಪು ಜನರ ಗೆಲುವಿನಿಂದ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಮರುವರ್ಷ ಮತದಾನದ ಹಕ್ಕಿನ ಕಾಯ್ದೆಯೂ, ಯೂರೋಪಿನವರಿಗೆ ಮೀಸಲಿನಂತಿದ್ದ ವಲಸೆ ನೀತಿಯನ್ನು ಕಿತ್ತೊಗೆದ ಕಾಯ್ದೆಯೂ ಬಂದವು. ಮಾನಸಿಕ ಕೂಲಿಯ ಹಿಂದೆ ಇದ್ದ ಸರ್ಕಾರದ ಮುದ್ರೆ ಅಲ್ಲಿಗೆ ಅಳಿಸಿತು. ಆಗ ಚಳವಳಿಯ ಭಾಷೆ ಬದಲಾಯಿತು: ನಾವು ಮೇಲಿನವರು ಎನ್ನುತ್ತಿದ್ದವರು ನಾವು ತುಳಿತಕ್ಕೊಳಗಾದವರು ಎನ್ನತೊಡಗಿದರು. ಜನಾಂಗದ್ವೇಷಿ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನ ನಾಯಕನಾಗಿದ್ದ ಡೇವಿಡ್ ಡ್ಯೂಕ್ 1980ರ ಸುಮಾರಿಗೆ ಬಿಳಿ ನಿಲುವಂಗಿ ಕಳಚಿ ಸೂಟು ತೊಟ್ಟು, ಕಪ್ಪು ಜನರ ಹಕ್ಕಿನ ಸಂಘಟನೆಯ ಹೆಸರನ್ನೇ ಅನುಕರಿಸಿ ಬಿಳಿಯರ ಏಳಿಗೆಯ ಸಂಘ ಕಟ್ಟಿದ. 1991ರಲ್ಲಿ ಲೂಸಿಯಾನದ ಗವರ್ನರ್ ಚುನಾವಣೆಯಲ್ಲಿ ಸೋತನಾದರೂ, ಬಿಳಿಯ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವನಿಗೆ ಮತ ಹಾಕಿದ್ದರು.

ಬಡತನವೇ ಇದಕ್ಕೆ ಕಾರಣ ಎಂದು ಬಹಳ ಜನ ಹೇಳುತ್ತಾರೆ. ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2000 ಮತ್ತು 2010ರ ನಡುವೆ ಅಮೆರಿಕದ ಕಾರ್ಖಾನೆಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಕೆಲಸಗಳು ಮಾಯವಾದವು. ಕುಡಿತ, ನೋವು ನಿವಾರಕ ಮಾದಕಗಳು ಮತ್ತು ಆತ್ಮಹತ್ಯೆಯಿಂದ ಮಧ್ಯವಯಸ್ಸಿನ ಬಿಳಿಯರ ಸಾವು ಏರುತ್ತಿರುವುದನ್ನು ಅರ್ಥಶಾಸ್ತ್ರಜ್ಞರಾದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ 2015ರಲ್ಲಿ ತೋರಿಸಿಕೊಟ್ಟರು. ಆ ಸಂಕಟ ನಿಜ. ಆದರೆ ಅದೇ ಕಾರ್ಖಾನೆಗಳು ಮುಚ್ಚಿದಾಗ ಕಪ್ಪು ಕಾರ್ಮಿಕರೂ ಬೀದಿಗೆ ಬಿದ್ದರು, 2008ರ ಆರ್ಥಿಕ ಕುಸಿತದಲ್ಲಿ ಅವರ ಆಸ್ತಿಯ ಪಾಲು ಇನ್ನೂ ಹೆಚ್ಚಾಗಿ ಕರಗಿತು. ಅವರಲ್ಲಿ ಇಂಥದೊಂದು ಹಂತಕ ಚಳವಳಿ ಹುಟ್ಟಲಿಲ್ಲ. 2011ರ ಜುಲೈ 22ರಂದು 77 ಜನರನ್ನು ಕೊಂದ ಆಂಡರ್ಸ್ ಬ್ರೇವಿಕ್ ಬೆಳೆದದ್ದು ನಾರ್ವೆಯಲ್ಲಿ, ಜಗತ್ತಿನ ಅತಿ ಶ್ರೀಮಂತ ಸಮಾಜಗಳಲ್ಲೊಂದರಲ್ಲಿ. ಹೀಗಾಗಿ ಬಡತನ ಅರ್ಧ ಕಾರಣವನ್ನಷ್ಟೇ ಹೇಳುತ್ತದೆ. ಕಾಸಿನ ಕೂಲಿ ಇಳಿದಾಗ ಮಾನಸಿಕ ಕೂಲಿಯೂ ಇಳಿಯುತ್ತಿದೆ ಎಂಬ ಭಯ ಉಳಿದರ್ಧ.

ಆ ಭಯಕ್ಕೆ ಒಂದು ಅಂಕಿಯೂ ಸಿಕ್ಕಿತು. 2042ರ ಹೊತ್ತಿಗೆ ಬಿಳಿಯರು ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾಗುತ್ತಾರೆ ಎಂದು ಅಮೆರಿಕದ ಜನಗಣತಿ ಇಲಾಖೆ 2008ರಲ್ಲಿ ಅಂದಾಜಿಸಿತು. ಅದೇ ವರ್ಷ ಬರಾಕ್ ಒಬಾಮ ಅಧ್ಯಕ್ಷರಾಗಿ ಆರಿಸಿ ಬಂದರು. ಮೊರೀನ್ ಕ್ರೇಗ್ ಮತ್ತು ಜೆನಿಫರ್ ರಿಚೆಸನ್ ಎಂಬ ಮನೋವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನಸಂಖ್ಯೆಯ ಈ ಬದಲಾವಣೆಯ ಬಗ್ಗೆ ಬರೀ ಓದಿದ ಬಿಳಿಯರ ರಾಜಕೀಯ ನಿಲುವೇ ಬಲಕ್ಕೆ ಸರಿಯಿತು. ಅವರ ಮನೆಯಲ್ಲಿ, ಸಂಬಳದಲ್ಲಿ, ಬೀದಿಯಲ್ಲಿ ಏನೂ ಬದಲಾಗಿರಲಿಲ್ಲ. ಸ್ಥಾನ ಹೋಗುತ್ತದೆಂಬ ಸುಳಿವೇ ಸಾಕಾಯಿತು.

ಈ ಭಯವನ್ನು ಸಿದ್ಧಾಂತವಾಗಿಸಿದವರು ಫ್ರಾನ್ಸಿನವರು. ಜಾನ್ ರಾಸ್ಪೈ 1973ರಲ್ಲಿ ಬರೆದ ಕಾದಂಬರಿಯೊಂದರಲ್ಲಿ ಹಡಗುಗಳ ಸಾಲು ತುಂಬ ಹಸಿದ ಜನ ಹೊರಟು ಯೂರೋಪನ್ನು ಮುಳುಗಿಸುತ್ತಾರೆ. ಆ ಹಡಗುಗಳು ಹೊರಡುವುದು ಕಲ್ಕತ್ತದಿಂದ. ಅಂದರೆ ಬಿಳಿ ರಾಷ್ಟ್ರೀಯವಾದಿಗಳು ಇಂದಿಗೂ ಮೆಚ್ಚಿ ಓದುವ ಪುಸ್ತಕದಲ್ಲಿ ನಾಗರಿಕತೆಯನ್ನು ನಾಶ ಮಾಡುವವರು ಭಾರತದ ಬಡವರು. 2011ರಲ್ಲಿ ರೆನೋ ಕಾಮ್ಯು ‘ಮಹಾ ಸ್ಥಾನಪಲ್ಲಟ’ ಎಂಬ ಹೆಸರಿನಲ್ಲಿ ಇದೇ ವಾದ ಮಂಡಿಸಿದ: ಗಣ್ಯರು ಬೇಕೆಂದೇ ಬಿಳಿಯರ ಜಾಗದಲ್ಲಿ ಹೊರಗಿನವರನ್ನು ತುಂಬುತ್ತಿದ್ದಾರೆ ಎಂಬುದು. 2017ರಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಪಂಜು ಹಿಡಿದು ನಡೆದ ಬಿಳಿ ರಾಷ್ಟ್ರೀಯವಾದಿಗಳ ಘೋಷಣೆಯಲ್ಲಿ ಇದೇ ಇತ್ತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನ ಪ್ರಣಾಳಿಕೆಗೆ ಇದೇ ಶೀರ್ಷಿಕೆ. ಅದೇ ವರ್ಷದ ಆಗಸ್ಟಿನಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ 23 ಜನ ಸತ್ತರು, ಕೊಂದವನ ಗುರಿ ಲ್ಯಾಟಿನೊ ಜನ. 2022ರ ಮೇ 14ರಂದು ಅಮೆರಿಕದ ಬಫಲೊದ ದಿನಸಿ ಅಂಗಡಿಯೊಂದರಲ್ಲಿ ಕಪ್ಪು ಜನಾಂಗದ ಹತ್ತು ಮಂದಿ ಸತ್ತರು. ಒಬ್ಬ ಕೊಲೆಗಾರನ ಬರಹವನ್ನು ಇನ್ನೊಬ್ಬ ಓದುತ್ತಾನೆ, ಇಂಟರ್‌ನೆಟ್ ಅದನ್ನು ಖಂಡದಿಂದ ಖಂಡಕ್ಕೆ ದಾಟಿಸುತ್ತದೆ. ಒಂದು ದೇಶವನ್ನು ಉಳಿಸುವ ಮಾತಾಡುವ ಈ ಚಳವಳಿಗೆ ದೇಶದ ಗಡಿಯೇ ಇಲ್ಲ.

ಜನಾಂಗಗಳ ನಡುವಿನ ಸಂಬಂಧದ ಮೇಲೆ ಇದರ ಪರಿಣಾಮವನ್ನು ಸತ್ತವರ ಲೆಕ್ಕದಿಂದ ಮಾತ್ರ ಅಳೆಯಲಾಗದು. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಸಿಖ್ಖರ ಹತ್ಯೆಯಾಯಿತು. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ, ಹೊಸಬನೊಬ್ಬನನ್ನು ಬೈಬಲ್ ಓದಿಗೆ ಪ್ರೀತಿಯಿಂದ ಕೂರಿಸಿಕೊಂಡ ಕಪ್ಪು ಭಕ್ತರಲ್ಲಿ ಒಂಬತ್ತು ಮಂದಿಯನ್ನು ಅವನೇ ಗುಂಡಿಟ್ಟು ಕೊಂದ. ಅಂಥ ಘಟನೆಯ ಮೇಲೆ ಪ್ರತಿ ಪ್ರಾರ್ಥನಾ ಮಂದಿರವೂ ಬಾಗಿಲಿಗೆ ಬಂದ ಅಪರಿಚಿತನನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಅತಿಥಿಯನ್ನು ಬರಮಾಡಿಕೊಳ್ಳುವ ಧೈರ್ಯವನ್ನೇ ಇದು ಕಿತ್ತುಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಚಳವಳಿಯ ಅತಿ ದೊಡ್ಡ ಗೆಲುವು ಇದೇ, ಏಕೆಂದರೆ ಬೇರೆ ಬೇರೆ ಜನ ಕೂಡಿ ಬಾಳುವುದು ಸಾಧ್ಯವಿಲ್ಲ ಎಂಬ ತನ್ನ ಸುಳ್ಳನ್ನು ಅದು ಹಿಂಸೆಯಿಂದ ನಿಜ ಮಾಡಹೊರಡುತ್ತದೆ.

ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವುದು ಕಡಿಮೆ. ಬಿಳಿಯರಲ್ಲದವರೊಳಗೇ ಅದು ಒಂದು ಏಣಿಯನ್ನು ನಿಲ್ಲಿಸುತ್ತದೆ. ನೀವು ಓದಿದವರು, ಶ್ರಮಜೀವಿಗಳು, ಅವರಂತಲ್ಲ ಎಂದು ಭಾರತೀಯರನ್ನು ಹೊಗಳುವ ಮಾತಿನಲ್ಲೂ ಆ ಕೂಲಿಯ ಒಂದು ಚೂರು ಇರುತ್ತದೆ. ಅದನ್ನು ಸಂತೋಷದಿಂದ ಈಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. 2017ರಲ್ಲಿ ಕಾನ್ಸಸ್‌ನ ಒಲೇತಾದಲ್ಲಿ ತೆಲುಗು ನೆಲದ ಎಂಜಿನಿಯರೊಬ್ಬರನ್ನು, ನಮ್ಮ ದೇಶ ಬಿಟ್ಟು ತೊಲಗು ಎಂದು ಕೂಗಿ ಗುಂಡಿಟ್ಟು ಕೊಂದವನು ಅವರನ್ನು ಇರಾನಿನವರೆಂದು ಭಾವಿಸಿದ್ದ. ಅವರ ಪದವಿ, ಸಂಬಳ, ವೀಸಾ ಯಾವುದೂ ಅವರನ್ನು ಕಾಪಾಡಲಿಲ್ಲ. ಅವನನ್ನು ತಡೆಯಲು ಹೋಗಿ ಗುಂಡು ತಿಂದು ಬದುಕುಳಿದವರು ಅಲ್ಲೇ ಇದ್ದ ಒಬ್ಬ ಬಿಳಿಯ ಅಮೆರಿಕನ್ ಎಂಬುದನ್ನೂ ಮರೆಯಬಾರದು.

ಹೊರಬರುವ ದಾರಿ ಇಲ್ಲವೆಂದಲ್ಲ. ಬಿಳಿ ರಾಷ್ಟ್ರೀಯವಾದಿಗಳ ಬಹುದೊಡ್ಡ ಅಂತರ್ಜಾಲ ತಾಣ ಸ್ಟಾರ್ಮ್‌ಫ್ರಂಟ್ ಕಟ್ಟಿದವರ ಮನೆಯಲ್ಲೇ ಹುಟ್ಟಿ, ಅದರ ಮುಂದಿನ ನಾಯಕತ್ವಕ್ಕೆ ಬೆಳೆಯುತ್ತಿದ್ದ ಡೆರೆಕ್ ಬ್ಲ್ಯಾಕ್ 2013ರಲ್ಲಿ ಆ ವಿಚಾರವನ್ನು ಬಹಿರಂಗವಾಗಿ ತೊರೆದರು. ಫ್ಲಾರಿಡಾದ ಕಾಲೇಜಿನಲ್ಲಿ ಯಹೂದಿ ಸಹಪಾಠಿಯೊಬ್ಬರು ಶುಕ್ರವಾರದ ಸಬ್ಬತ್ ಊಟಕ್ಕೆ ಮತ್ತೆ ಮತ್ತೆ ಕರೆದದ್ದು, ಗೆಳೆಯರು ದೀರ್ಘಕಾಲ ವಾದ ಮಾಡಿದ್ದು ಆ ಬದಲಾವಣೆಯ ಹಿಂದಿತ್ತು. ಆದರೆ ಊಟಕ್ಕೆ ಕರೆಯುವ ಹೊಣೆಯನ್ನು ದ್ವೇಷಕ್ಕೆ ಗುರಿಯಾದವರ ಹೆಗಲಿಗೇ ಹಾಕುವುದು ನ್ಯಾಯವಲ್ಲ. ಕಾನೂನು, ಶಾಲೆ, ಆಸ್ಪತ್ರೆ, ಸರಿಯಾದ ಸಂಬಳ ಎಲ್ಲರಿಗೂ ಸಿಕ್ಕಾಗಲಷ್ಟೇ ಬಡವನಿಗೆ ಮಾನಸಿಕ ಕೂಲಿಯ ಹಂಗು ತಪ್ಪುತ್ತದೆ.

ಕನ್ನಡದ ಓದುಗರಿಗೆ ಇದು ಪರದೇಶದ ಸುದ್ದಿಯಾಗಿ ಉಳಿಯಬಾರದು. ಪ್ರತಿ ಜಾತಿಗೂ ತನ್ನ ಕೆಳಗೊಂದು ಜಾತಿ ಇರುವುದರಿಂದಲೇ ತುಳಿತಕ್ಕೊಳಗಾದವರು ಒಂದಾಗುವುದಿಲ್ಲ ಎಂದು ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆಯನ್ನು ವಿವರಿಸಿದರು. ಡು ಬಾಯ್ಸರ ಮಾನಸಿಕ ಕೂಲಿಗೂ ಇದಕ್ಕೂ ಇರುವ ಹೋಲಿಕೆ ಎದ್ದುಕಾಣುತ್ತದೆ. ಅಂಬೇಡ್ಕರ್ ಡು ಬಾಯ್ಸರ ಬರಹಗಳನ್ನು ಓದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿ 1946ರಲ್ಲಿ ಅವರಿಗೆ ಪತ್ರ ಬರೆದರು. ಡು ಬಾಯ್ಸ್ ಅದೇ ವರ್ಷದ ಜುಲೈನಲ್ಲಿ, ಭಾರತದ ಅಸ್ಪೃಶ್ಯರ ಬಗ್ಗೆ ತಮಗಿರುವ ಸಹಾನುಭೂತಿ ತಿಳಿಸಿ ಉತ್ತರಿಸಿದರು.

ಸ್ಯಾನ್ ಹೊಸೆಯಲ್ಲೋ ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಮಕ್ಕಳಿರುವ ಮನೆಗಳು ಇಂದು ನಮ್ಮ ಪ್ರತಿ ಊರಿನಲ್ಲೂ ಇವೆ. ಅವರು ಅಲ್ಲಿ ಕಾಲಿಡಲು ದಾರಿ ಮಾಡಿದ 1965ರ ವಲಸೆ ಕಾಯ್ದೆ, ಪೊಲೀಸರ ಲಾಠಿ, ನಾಯಿ, ನೀರಿನ ಫಿರಂಗಿಗಳ ಎದುರು ನಿಂತ ಕಪ್ಪು ಜನರ ಹೋರಾಟದ ಕಾಲದ್ದು, ಅದರ ಫಲವೂ ಹೌದು. ಅಲ್ಲಿನ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳ ಜೊತೆಗೆ ಈ ಚರಿತ್ರೆಯನ್ನೂ ಮಕ್ಕಳಿಗೆ ಹೇಳಲಿ. ಅಂಬೇಡ್ಕರ್ ಮತ್ತು ಡು ಬಾಯ್ಸರ ಆ ಎರಡು ಪತ್ರಗಳು ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಚಿಕ್ಕ ಪತ್ರಗಳು, ಮಕ್ಕಳ ಜೊತೆ ಕೂತು ಓದಿ.