ಬೆನ್ನಿನ ಅಂಬೂ ಕೈಯ ಅಂಬೂ

ಬೇಟೆಗೆ ಹೊರಡುವವನು ತನ್ನ ಅಂಬುಗಳನ್ನು ಎಲ್ಲಿ ಇಟ್ಟುಕೊಂಡು ಹೋಗತಕ್ಕದ್ದು? ಬೆನ್ನ ಮೇಲೆಯೆ, ಸೊಂಟದಲ್ಲಿಯೆ, ಇಲ್ಲವೆ ಬಿಲ್ಲು ಹಿಡಿದ ಕೈಯಲ್ಲಿಯೇ ಹಿಡಿದುಕೊಳ್ಳತಕ್ಕದ್ದೆ? ಇದು ಬೇಟೆಗಾರರಿಗಷ್ಟೇ ಸಂಬಂಧಪಟ್ಟ ಸಣ್ಣ ಸಂಗತಿಯೆಂದೂ ಧರ್ಮವಿಚಾರಕ್ಕೆ ಇದರಲ್ಲಿ ಎಡೆಯಿಲ್ಲವೆಂದೂ ವಾಚಕರಿಗೆ ತೋರಬಹುದು. ಆದರೆ ಸುರಪುರದ ಸೀಮೆಯವರು ಇದನ್ನು ಅಷ್ಟು ಹಗುರಾಗಿ ತಳ್ಳಿಹಾಕುವಂತಿಲ್ಲ. ಕೃಷ್ಣಾ ಭೀಮಾ ನದಿಗಳ ನಡುವಿನ ಈ ನಾಡನ್ನಾಳಿದವರು ಬೇಡ ನಾಯಕರು. 1705ರಲ್ಲಿ ಔರಂಗಜೇಬನು ತಾನೇ ದಂಡೆತ್ತಿ ಬಂದು ವಾಗಣಗೇರಾ ಕೋಟೆಯನ್ನು ಮುತ್ತಿದಾಗ ಅವನನ್ನು ವಾರಗಟ್ಟಲೆ ತಡೆದು ನಿಲ್ಲಿಸಿದವರು ಇವರು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬೆನ್ನಿಗೆ ನಿಂತವರೂ ಇವರೇ. ವಾಗಣಗೇರಾದ ಹೊತ್ತಿಗೆ ಕಾಳಗದಲ್ಲಿ ತುಪಾಕಿಯು ಬಂದುಬಿಟ್ಟಿತ್ತು, ಬೇಡರ ಗುರಿಯನ್ನು ಶತ್ರುಗಳೂ ಹೊಗಳಿದ್ದರು, ನಿಜ. ಆದರೂ ಬೇಡನೆಂಬ ಹೆಸರು ತುಪಾಕಿಗಿಂತ ಬಹಳ ಹಳೆಯದು. ಆ ಹೆಸರಿನೊಡನೆ ಕಣ್ಣಿಗೆ ಕಟ್ಟುವದು ಬಿಲ್ಲೇ.

ಮೊದಲು ಕೆಲಸದ ಮಾತನ್ನು ನೋಡೋಣ. ಬೆನ್ನಿಗೆ ಕಟ್ಟಿದ ಬತ್ತಳಿಕೆಯು ಎರಡೂ ಕೈಗಳನ್ನು ಬಿಡುವಾಗಿರಿಸುವದು. ದೂರದ ನಡಿಗೆಗೆ ಅದೇ ಹಿತ. ಆದರೆ ಜಾಲಿಯ ಪೊದೆಗಳಲ್ಲಿ ನುಸುಳುವಾಗ ಗರಿಗಳು ಮುಳ್ಳಿಗೆ ಸಿಕ್ಕುವವು, ಕಡ್ಡಿಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡುವವು. ಮೇಲಾಗಿ ಅಂಬು ತೆಗೆಯಲು ತೋಳೆತ್ತಿದರೆ ಬಯಲ ಚಿಗರಿಯು ಆ ಚಲನೆಯೊಂದರಿಂದಲೇ ಎಚ್ಚತ್ತು ನೆಗೆದುಹೋಗುವದು. ಸೊಂಟದ ಬತ್ತಳಿಕೆಯು ಕೈಗೆ ಹತ್ತಿರ. ಕುಕ್ಕರಿಸಿ ಹೊಂಚು ಹಾಕುವಾಗ ಮಾತ್ರ ಕಾಲಿಗೆ ಅಡ್ಡ. ಬಿಲ್ಲಿನ ಕೈಯಲ್ಲಿಯೇ ಎರಡು ಮೂರು ಅಂಬುಗಳನ್ನು ಹಿಡಿದವನು ಎಲ್ಲರಿಗಿಂತ ಬೇಗ ಹೂಡಬಲ್ಲನು. ಆದರೆ ಅವನು ಎಡವಿದರೆ ಬಿಚ್ಚಿದ ಅಲಗು ಅವನನ್ನೇ ಇರಿಯುವದು. ಇನ್ನು ಅಂಬನ್ನು ಹೆದೆಗೆ ಹೂಡಿಕೊಂಡೇ ನಡೆಯುವವನ ಮುಂದೆ ನಡೆಯಲು ಯಾರೂ ಒಪ್ಪಲಾರರು.

ಇವೆಲ್ಲವುಗಳ ಭೇದವನ್ನು ಒಂದೇ ಅಳತೆಗೋಲಿನಿಂದ ಅಳೆಯಬಹುದಾಗಿದೆ. ಅದೇನೆಂದರೆ, ಪ್ರಾಣಿಯನ್ನು ಕಂಡ ಗಳಿಗೆಗೂ ಅಂಬನ್ನು ಬಿಟ್ಟ ಗಳಿಗೆಗೂ ನಡುವೆ ಎಷ್ಟು ಹೊತ್ತು ಉಳಿಯುವದು ಎಂಬದು. ಕಂಡದ್ದು ಚಿಗರಿಯೇ ಹೌದೆ? ಗಬ್ಬವಾದ ಹೆಣ್ಣಲ್ಲವಷ್ಟೆ? ಅದರ ಹಿಂದೆ ಕುರಿ ಕಾಯುವ ಹುಡುಗನಾರಾದರೂ ಇರುವನೆ? ಈ ಪ್ರಶ್ನೆಗಳೆಲ್ಲ ಆ ಹೊತ್ತಿನಲ್ಲಿಯೇ ಹುಟ್ಟಬೇಕು, ಅಲ್ಲಿಯೇ ಉತ್ತರವನ್ನೂ ಪಡೆಯಬೇಕು. ವಿಚಿತ್ರವೇನೆಂದರೆ ಆ ಹೊತ್ತನ್ನು ಬೇಟೆಗಾರನು ಅಡವಿಯಲ್ಲಿ ಆರಿಸಿಕೊಳ್ಳಲಾರನು. ರಕ್ತವು ಬಿಸಿಯೇರಿದಾಗ ಕೈಯಲ್ಲಿರುವದು ಹೊರಟೇ ಹೋಗುವದು. ಅವನು ಅದನ್ನು ಆರಿಸಿಕೊಂಡದ್ದು ಬೆಳಗಿನಲ್ಲಿ, ಮನೆಯ ಕಟ್ಟೆಯ ಮೇಲೆ ಕುಳಿತು ಬತ್ತಳಿಕೆಯನ್ನು ಕಟ್ಟಿಕೊಳ್ಳುವಾಗ.

ದಶರಥನ ಕಥೆಯನ್ನೇ ನೋಡಿರಿ. ಸರಯೂ ತೀರದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ಅವನು ಬಾಣ ಬಿಟ್ಟನು. ಅವನ ತಪ್ಪನ್ನು ಕತ್ತಲೆಯ ಮೇಲೆ ಹೊರಿಸುವದು ರೂಢಿಯಾಗಿದೆ. ನನಗೆ ಹಾಗೆ ತೋರುವದಿಲ್ಲ. ಕಾಣದೆ ಹೊಡೆಯುವ ಶಬ್ದವೇಧಿ ವಿದ್ಯೆಯೇ ತನ್ನ ಹೆಮ್ಮೆಯೆಂದು ಭಾವಿಸಿ, ಅದನ್ನು ತೋರಿಸುವದಕ್ಕೆಂದೇ ಇರುಳಿನಲ್ಲಿ ಹೊರಟವನು ಮನೆಯನ್ನು ಬಿಡುವಾಗಲೇ ಆ ನಡುವಿನ ಹೊತ್ತನ್ನು ತ್ಯಜಿಸಿದ್ದನು. ಕತ್ತಲೆಯು ಕೇವಲ ನಿಮಿತ್ತವು. ಶ್ರೀಕೃಷ್ಣನ ಪಾದವನ್ನು ಜಿಂಕೆಯೆಂದು ಬಗೆದ ಜರನ ಅಂಬೂ ಇದೇ ಜಾತಿಯದು. ಬೇಡನೊಬ್ಬನ ಬಾಣದಿಂದ ಅವತಾರವನ್ನು ಮುಗಿಸಿದ ಆ ಸ್ವಾಮಿಯೇ ಬೇಡ ಅರಸರ ಸುರಪುರದಲ್ಲಿ ವೇಣುಗೋಪಾಲನಾಗಿ ಪೂಜೆಗೊಳ್ಳುತ್ತಿರುವನೆಂಬದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಬೆರಗಾಗುವದು.

ಹಾಗಾದರೆ ಅಂಬು ಎಷ್ಟು ದೂರವಿದ್ದರೆ ಅಷ್ಟು ಧರ್ಮವೆಂದು ಹೇಳಿಬಿಡಬಹುದೆ? ಇಲ್ಲಿ ಪರೀಕ್ಷಿತನು ಅಡ್ಡ ಬರುವನು. ಅವನ ಬಾಣ ತಗುಲಿದ ಮೃಗವು ಜೀವಸಹಿತ ತಪ್ಪಿಸಿಕೊಂಡು ಹೋದದ್ದು ಅದಕ್ಕೆ ಮುಂಚೆ ಇಲ್ಲವೆಂದು ಮಹಾಭಾರತವು ಹೇಳುವದು. ಆ ದಿನ ಒಂದು ತಪ್ಪಿತು. ಗಾಯಗೊಂಡ ಆ ಮೃಗವನ್ನು ಹುಡುಕುತ್ತ, ಹಸಿದು ಬಾಯಾರಿ ಬಂದ ಅರಸನು ಮೌನದಲ್ಲಿದ್ದ ಶಮೀಕ ಮುನಿಯನ್ನು ಕೇಳಿದನು. ಉತ್ತರ ಬಾರದಿರಲು ಸಿಟ್ಟಾಗಿ ಬಿಲ್ಲಿನ ತುದಿಯಿಂದ ಸತ್ತ ಹಾವನ್ನೆತ್ತಿ ಮುನಿಯ ಹೆಗಲ ಮೇಲೆ ಹಾಕಿದನು. ಮುಂದೆ ಮುನಿಪುತ್ರನ ಶಾಪ, ಏಳು ದಿನ, ತಕ್ಷಕ. ಶಾಪವನ್ನೂ ಸರ್ಪವನ್ನೂ ಎಲ್ಲರೂ ನೆನೆಯುವರು. ಅಡವಿಯಲ್ಲೆಲ್ಲೋ ಬಾಣವನ್ನು ಹೊತ್ತು ಓಡಿದ ಆ ಮೃಗವನ್ನು ನೆನೆಯುವವರು ಕಡಿಮೆ. ಅದಕ್ಕೆ ಬೇಕಾಗಿದ್ದದ್ದು ಇನ್ನೊಂದು ಅಂಬು, ತಕ್ಷಣವೇ. ಮೊದಲನೆಯ ಅಂಬನ್ನು ಬಿಟ್ಟ ಮೇಲೆ ತಡಮಾಡುವದು ದಯೆಯಾಗದು, ಅದು ನಿರ್ದಯತೆಯೇ.

ಆದುದರಿಂದ ಬೇಟೆಗಾರನ ಕಷ್ಟವಿಷ್ಟೇ. ಮೊದಲನೆಯ ಅಂಬು ದೂರವಿರಬೇಕು, ಎರಡನೆಯದು ಹತ್ತಿರವಿರಬೇಕು; ಬತ್ತಳಿಕೆಯಾದರೋ ಒಂದೇ. ನನ್ನ ಅಭಿಪ್ರಾಯವನ್ನು ಕೇಳುವದಾದರೆ, ಬತ್ತಳಿಕೆಯು ಸೊಂಟದಲ್ಲಿರಲಿ, ಆದರೆ ಅದರ ಬಾಯಿಗೆ ಅರಿವೆಯೊಂದು ಕಟ್ಟಿರಲಿ. ಗಂಟು ಬಿಚ್ಚುವ ಹೊತ್ತು ವಿಚಾರಕ್ಕೆ ಸಾಕು. ಬಿಚ್ಚಿದ ಮೇಲೆ ಉಳಿದ ಅಂಬುಗಳೆಲ್ಲ ಕೈಯಳತೆಯಲ್ಲಿಯೇ ಇರುವವು. ಗಂಟು ಬಿಚ್ಚುವಷ್ಟರಲ್ಲಿ ಚಿಗರಿಯು ಹೋದರೆ ಹೋಗಲಿ. ಮಳೆಯಿಂದ ಗರಿಯೂ ಉಳಿಯುವದು, ಅದು ಬೇರೆ ಲಾಭ.

ಅಂಬುಗಳ ಸಂಖ್ಯೆಯ ವಿಷಯವಾಗಿಯೂ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೃಗಯೆಯನ್ನು ಅರಸನ ವಿನೋದಗಳಲ್ಲಿ ಒಂದಾಗಿ ಎಣಿಸಿ ಅದರ ಬಗೆಗಳನ್ನು ವಿಸ್ತರಿಸಿರುವನು. ಅಂಥ ವಿನೋದದಲ್ಲಿ ಅಂಬುಗಳನ್ನು ಹೊರುವದಕ್ಕೆ ಆಳುಗಳಿರುವರು. ಹೊತ್ತವನ ಹೆಗಲು ಬೇರೆ, ಬಿಟ್ಟವನ ಕೈ ಬೇರೆ. ಬಡ ಬೇಡನಾದರೋ ಕಡ್ಡಿಯನ್ನು ಬೆಂಕಿಗೆ ಹಿಡಿದು ತಾನೇ ನೇರಮಾಡಿ, ತಾನೇ ಗರಿ ಕಟ್ಟಿ, ಅಲಗಿಗಾಗಿ ಕಮ್ಮಾರನಿಗೆ ಜೋಳ ಅಳೆದುಕೊಟ್ಟವನು. ಅವನು ಸುಮ್ಮನೆ ಅಂಬು ಕಳೆಯಲಾರನು. (ಬಡತನದ ಮಿತವನ್ನು ಸದ್ಗುಣವೆಂದು ಹೊಗಳುವ ಚಪಲವು ಉಂಡವರಿಗೆ ಬರುವದುಂಟು, ಅದನ್ನು ಇಲ್ಲಿಗೇ ಬಿಡುವೆನು.) ಅಕ್ಷಯ ತೂಣೀರವನ್ನು ಪಡೆದ ಅರ್ಜುನನಾದರೂ ಅದು ಬರಿದಾದದ್ದನ್ನು ಕಂಡದ್ದು ಕಿರಾತವೇಷದ ಶಿವನ ಇದಿರಿನಲ್ಲಿ. ಕಾಳಗ ಎದ್ದದ್ದೂ ಒಂದು ಹಂದಿಗೆ ತಗುಲಿದ ಅಂಬು ಯಾರದು ಎಂಬ ಬೇಟೆಯ ಜಗಳದಿಂದಲೇ.

ಇಷ್ಟಕ್ಕೂ ಬೇಟೆಯೇ ಪಾಪವಾಗಿರಲು ಅಂಬು ಎಲ್ಲಿದ್ದರೇನೆಂದು ಕೇಳುವವರಿರುವರು. ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡವನ್ನು ದಿನವೂ ಕಾಣುವ ನಾವು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪವೇ ಜನ್ಮಜನ್ಮಾಂತರ ಕಾಡುವದು. ಆ ಲೆಕ್ಕದಿಂದ ಬತ್ತಳಿಕೆ ಕಟ್ಟಿದಾಗಲೇ ಹಿಂಸೆಯಾಯಿತು. ಇದನ್ನು ನಾನು ಅರ್ಧ ಒಪ್ಪುವೆನು. ಹಿಂಸೆಯು ಮನೆಯಲ್ಲಿಯೇ ಮೊದಲಾಗುವದೆಂದು ನಾನೂ ಹೇಳಿದ್ದೇನೆ. ಆದರೆ ಅಲ್ಲಿಯೇ ಎಲ್ಲವೂ ಮುಗಿಯಿತೆಂದರೆ ಗಬ್ಬದ ಹೆಣ್ಣನ್ನು ಕಂಡು ಕೈ ಹಿಂದೆಗೆದವನಿಗೂ ಕೊಂದವನಿಗೂ ಭೇದವೇ ಉಳಿಯದು. ಆ ಭೇದವನ್ನು ಅಳಿಸುವ ಧರ್ಮವು ನನಗೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿರುವದು ಯೋಗ್ಯವೇ ಆಗಿದೆ. ಆದರೆ ಕಾಯಿದೆಯು ಅಂಬನ್ನು ಕಸಿಯಬಲ್ಲದು, ನಡುವಿನ ಹೊತ್ತನ್ನು ಕಲಿಸಲಾರದು.

ಬೇಡ ಸಮಾಜದವರು ವಾಲ್ಮೀಕಿ ಮಹರ್ಷಿಯನ್ನು ತಮ್ಮವನೆಂದು ಪೂಜಿಸುವರು. ಕ್ರೌಂಚದ ಜೋಡಿಯಲ್ಲಿ ಒಂದನ್ನು ಕೊಂದ ನಿಷಾದನನ್ನು ಶಪಿಸಿದವನೂ ಆ ಮಹರ್ಷಿಯೇ. ಆ ನಿಷಾದನ ಅಂಬು ಬೆನ್ನ ಮೇಲಿತ್ತೋ ಕೈಯಲ್ಲಿತ್ತೋ ಆದಿಕವಿಯು ಹೇಳಲಿಲ್ಲ. ಶಾಪವು ಬಾಯಿಂದ ಹೊರಬಿದ್ದ ಮೇಲೆ ತಾನು ನುಡಿದದ್ದೇನೆಂದು ಋಷಿಯು ಚಿಂತೆಗೀಡಾದನೆಂಬದನ್ನು ಮಾತ್ರ ಹೇಳಿರುವನು.