ಗೋತ್ರ ಯಾತಕ್ಕೆ?

ಸೋಮಾಲಿ ಭಾಷೆಯಲ್ಲಿ ಗೋತ್ರಕ್ಕೆ 'ಕಬೀಲ್' ಎನ್ನುತ್ತಾರೆ. ಅರಬಿಯ 'ಕಬೀಲ' ಎಂಬ ಪದವೇ ಅಲ್ಲಿಗೆ ಹೋಗಿ ಹಾಗಾಗಿದೆ. ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತದಲ್ಲಿ ಬರುವ 'ಕಬಾಇಲ್' ಇದರ ಬಹುವಚನ. ಮನುಷ್ಯರೆಲ್ಲರನ್ನೂ ಒಂದು ಗಂಡು ಮತ್ತು ಒಂದು ಹೆಣ್ಣಿನಿಂದ ಸೃಷ್ಟಿಸಿದ ಅಲ್ಲಾಹನು ಅವರನ್ನು ಜನಾಂಗಗಳಾಗಿಯೂ ಗೋತ್ರಗಳಾಗಿಯೂ ಮಾಡಿದ್ದು ಪರಸ್ಪರ ಗುರುತಿಸಿಕೊಳ್ಳಲಿಕ್ಕಾಗಿ ಎಂದು ಆ ಸೂಕ್ತ ತಿಳಿಸುತ್ತದೆ. ಅವನ ಬಳಿ ಗೌರವದ ಅಳತೆಗೋಲು ತಕ್ವಾ ಮಾತ್ರ. ಇದನ್ನು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ, ಜುಮಾ ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಈ ಸೂಕ್ತವನ್ನು ಹೇಳುವಾಗ ನಾವು ಬೇಗನೆ ಕೊನೆಯ ಭಾಗಕ್ಕೆ ಹಾರಿ ಬಿಡುತ್ತೇವೆ. ಗೋತ್ರಗಳನ್ನು ಮಾಡಿದವನೂ ಅಲ್ಲಾಹನೇ ಎಂಬುದನ್ನು ಗಮನಿಸುವುದಿಲ್ಲ. ಅವನು ಮಾಡಿದ್ದಾದರೆ ಅದರಲ್ಲಿ ಹಿತವೂ ಇರಲೇಬೇಕು. ಹಾಗಿದ್ದರೆ ಅದು ಕೆಡುವುದು ಎಲ್ಲಿ?

ಈ ಪ್ರಶ್ನೆಗೆ ಪುಸ್ತಕದ ಉತ್ತರ ಸುಲಭ. ಬದುಕಿನ ಉತ್ತರವನ್ನು ಹುಡುಕುವವರು ಉತ್ತರ ಸೋಮಾಲಿಯಾದ ಇಸಾಕ್ ಗೋತ್ರದ ಚರಿತ್ರೆಯನ್ನು ಓದಬೇಕು. ಸೋಮಾಲಿಗಳು ನಮ್ಮ ಕರಾವಳಿಯ ಮುಸ್ಲಿಮರಂತೆಯೇ ಶಾಫಿಈ ಮದ್‌ಹಬಿನವರು. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಮದ್‌ಹಬ್. ಆದರೂ ಅಲ್ಲಿ ಗೋತ್ರವು ಮನುಷ್ಯನನ್ನು ಬದುಕಿಸಿಯೂ ಇದೆ, ಕೊಂದೂ ಇದೆ.

ಇಸಾಕ್ ಗೋತ್ರದವರ ನೆಲವು ಏಡನ್ ಕೊಲ್ಲಿಯ ದಕ್ಷಿಣ ದಡದಲ್ಲಿದೆ. ಕಡಲ ಬದಿಯ ಒಣ ಬಯಲಿಗೆ ಅವರು 'ಗುಬನ್' ಎನ್ನುತ್ತಾರೆ. ಸುಟ್ಟದ್ದು ಎಂದು ಅದರ ಅರ್ಥ. ಬರ್ಬೆರಾ ಬಂದರು ಇರುವುದು ಅಲ್ಲಿಯೇ. ಅದನ್ನು ದಾಟಿ ಮೇಲೆ ಹತ್ತಿದರೆ 'ಓಗೋ' ಎಂಬ ಎತ್ತರದ ಸೀಮೆ. ಹರ್‌ಗೇಸಾ ಮತ್ತು ಬುರ್‌ಆವೊ ಪಟ್ಟಣಗಳು ಅಲ್ಲಿವೆ. ಅದರಾಚೆ ದಕ್ಷಿಣಕ್ಕೆ 'ಹೌದ್' ಎಂಬ ವಿಶಾಲ ಹುಲ್ಲುಗಾವಲು. ಹೌದಿನಲ್ಲಿ ಹುಲ್ಲಿದೆ, ಶಾಶ್ವತವಾದ ನೀರಿಲ್ಲ. ಉತ್ತರದಲ್ಲಿ ಬಾವಿಗಳಿವೆ, ಸಾಕಷ್ಟು ಹುಲ್ಲಿಲ್ಲ. ಆದ್ದರಿಂದ ಎಪ್ರಿಲ್ ಸುಮಾರಿಗೆ 'ಗು' ಮಳೆ ಬಿದ್ದೊಡನೆ ಒಂಟೆಗಳನ್ನು ಹೊಡೆದುಕೊಂಡು ಹೌದಿಗೆ ಹೋಗುವುದು, ಒಣಗಾಲದಲ್ಲಿ ಬಾವಿಗಳ ಕಡೆಗೆ ಮರಳುವುದು, ಇದೇ ಅವರ ಪೂರ್ವಜರ ಬದುಕಾಗಿತ್ತು. ಹುಲ್ಲುಗಾವಲು ಅಲ್ಲಾಹನದ್ದು, ಅದಕ್ಕೆ ಯಾರೂ ಒಡೆಯರಿಲ್ಲ. ಆದರೆ ಬಾವಿಯನ್ನು ತೋಡಿದವರ ವಂಶಕ್ಕೆ ಅದರ ಮೇಲೆ ಹಕ್ಕಿದೆ ಎಂಬುದು ಅವರ ಸಂಪ್ರದಾಯ. ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರು ಎಂಬ ಅರ್ಥದ ಹದೀಸನ್ನು ಬಲ್ಲವರಿಗೆ ಈ ಸಂಪ್ರದಾಯ ಅಪರಿಚಿತವೆನಿಸದು.

ಇಂತಹ ನೆಲದಲ್ಲಿ ಒಬ್ಬಂಟಿಯಾಗಿ ಬದುಕಲು ಸಾಧ್ಯವಿಲ್ಲ. ಪೊಲೀಸ್ ಠಾಣೆಯಿಲ್ಲ, ನ್ಯಾಯಾಲಯವಿಲ್ಲ, ಬ್ಯಾಂಕಿಲ್ಲ. ಅವೆಲ್ಲದರ ಕೆಲಸವನ್ನು ಮಾಡಿದ್ದು ಹೆಸರುಗಳ ಸರಪಳಿ. ಸೋಮಾಲಿ ಮಗು ಚಿಕ್ಕಂದಿನಲ್ಲೇ ತಂದೆ, ಅಜ್ಜ, ಮುತ್ತಜ್ಜ ಎಂದು ತಲೆಮಾರು ತಲೆಮಾರುಗಳ ಹೆಸರುಗಳನ್ನು ಬಾಯಿಪಾಠ ಮಾಡುತ್ತದೆ. ಇದಕ್ಕೆ 'ಅಬ್ತಿರ್ಸಿ' ಎಂದು ಹೆಸರು. ಅಪರಿಚಿತರಿಬ್ಬರು ಎದುರಾದರೆ ತಮ್ಮ ಹೆಸರುಗಳನ್ನು ಹೇಳುತ್ತಾ ಹೋಗುತ್ತಾರೆ, ಎಲ್ಲಿಯಾದರೂ ಒಬ್ಬ ಅಜ್ಜನ ಬಳಿ ಎರಡು ಸರಪಳಿಗಳೂ ಸೇರುತ್ತವೆ. ಆಗ ಅವರು ಬಂಧುಗಳು. ಸಂಬಂಧಗಳನ್ನು ಕಾಯ್ದುಕೊಳ್ಳಲು ಬೇಕಾಗುವಷ್ಟು ವಂಶಾವಳಿಯನ್ನು ಕಲಿತುಕೊಳ್ಳುವಂತೆ ಪ್ರವಾದಿಯವರು(ಸ) ಉಪದೇಶಿಸಿದ್ದಾರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಗುರುತಿಸಿಕೊಳ್ಳುವುದು ಎಂದರೆ ಇದೇ.

ಇಸಾಕರ ಸರಪಳಿಯು ಹೋಗಿ ನಿಲ್ಲುವುದು ಶೈಖ್ ಇಸ್ಹಾಕ್ ಬಿನ್ ಅಹ್ಮದ್ ಎಂಬ ಮಹನೀಯರಲ್ಲಿ. ಅವರು ಸುಮಾರು 12 ಅಥವಾ 13ನೇ ಶತಮಾನದಲ್ಲಿ ಅರೇಬಿಯಾದಿಂದ ಕಡಲು ದಾಟಿ ಬಂದು ಮೈದ್ ಎಂಬ ಕರಾವಳಿ ಊರಿನಲ್ಲಿ ನೆಲೆಸಿದರೆಂದೂ ಪ್ರವಾದಿವರ್ಯರ(ಸ) ಹಾಶಿಮ್ ವಂಶದವರೆಂದೂ ಪರಂಪರೆ ಹೇಳುತ್ತದೆ. ಅವರ ಸಮಾಧಿ ಮೈದ್‌ನಲ್ಲಿದೆ. ಅವರಿಗೆ ಇಬ್ಬರು ಪತ್ನಿಯರಿದ್ದರು, ಒಬ್ಬರು ಸ್ಥಳೀಯ ಮಗಾದ್ಲೆ ಕುಲದವರು, ಇನ್ನೊಬ್ಬರು ಹಬಶದವರು ಎಂದೂ ಅದೇ ಪರಂಪರೆ ಹೇಳುತ್ತದೆ. ಗೋತ್ರದ ಎರಡು ದೊಡ್ಡ ಕವಲುಗಳು ಈ ಇಬ್ಬರು ತಾಯಂದಿರ ಹೆಸರಿನಲ್ಲಿವೆ. ಹಬರ್ ಅವಲ್, ಹಬರ್ ಗರ್‌ಹಜಿಸ್, ಹಬರ್ ಜೆಅಲೊ ಮುಂತಾದ ಶಾಖೆಗಳ ಹೆಸರಿನ ಮೊದಲಿಗಿರುವ 'ಹಬರ್' ಎಂದರೆ ತಾಯಿ. ಗಂಡಸರ ಹೆಸರುಗಳನ್ನೇ ಎಣಿಸುವ ಜನರು ತಮ್ಮ ಶಾಖೆಗಳನ್ನು ಕರೆಯುವುದು ತಾಯಿಯ ಹೆಸರು ಹಿಡಿದು! ಹಬಶದ ತಾಯಿಯ ಮಕ್ಕಳನ್ನು ಕಡಿಮೆಯವರೆಂದು ಯಾರೂ ತಳ್ಳಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಅರೇಬಿಯಾದ ಮೂಲಪುರುಷನ ಈ ಪರಂಪರೆಯನ್ನು ಚರಿತ್ರೆಕಾರರು ಪೂರ್ಣವಾಗಿ ಒಪ್ಪುವುದಿಲ್ಲ. ಸೋಮಾಲಿಯು ಆಫ್ರಿಕಾದ ಕುಶಿಟಿಕ್ ಬಳಗದ ಭಾಷೆ, ಒರೊಮೊ ಮತ್ತು ಅಫರ್ ಭಾಷೆಗಳ ಸಹೋದರಿ. ಜನರೂ ಬಹುಮಟ್ಟಿಗೆ ಆ ನೆಲದವರೇ. ಕಡಲು ದಾಟಿ ಬಂದ ಕೆಲವು ಧರ್ಮಪ್ರಚಾರಕರು ಅವರಲ್ಲಿ ಸೇರಿಹೋಗಿರಬಹುದು. ಇದನ್ನು ಹೇಳಿದರೆ ಕೆಲವರಿಗೆ ನೋವಾಗುತ್ತದೆ. ನನಗನಿಸುವ ಮಟ್ಟಿಗೆ ನೋವಾಗಬೇಕಾಗಿಲ್ಲ. ಆಫ್ರಿಕಾದ ರಕ್ತವು ಅರಬ್ ರಕ್ತಕ್ಕಿಂತ ಕಡಿಮೆ ಎಂದು ಒಳಗೆಲ್ಲೋ ಒಪ್ಪಿಕೊಂಡವನಿಗೆ ಮಾತ್ರ ನೋವಾಗಲು ಸಾಧ್ಯ. ಹಜ್ರತ್ ಬಿಲಾಲ್(ರ) ರವರನ್ನು ಪ್ರೀತಿಸುವ ಸಮುದಾಯದಲ್ಲಿ ಆ ಭಾವನೆ ಎಲ್ಲಿಂದ ನುಸುಳಿತು? ಇಸಾಕ್ ಮತ್ತಿತರ ದೊಡ್ಡ ಗೋತ್ರಗಳವರ ನಡುವೆ ಗಬೋಯೆ ಎಂದು ಕರೆಯಲಾಗುವ ಜನರಿದ್ದಾರೆ. ಚರ್ಮದ ಕೆಲಸ, ಕಮ್ಮಾರಿಕೆ, ಕ್ಷೌರ ಅವರ ಪಾರಂಪರಿಕ ಕಸುಬುಗಳು. ಮಸೀದಿಯಲ್ಲಿ ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ, ಆದರೆ ಅವರೊಂದಿಗೆ ಹೆಣ್ಣು ಕೊಟ್ಟು ತರುವುದಿಲ್ಲ. ಅಂತಹ ಮದುವೆ ನಡೆದರೆ ಮನೆತನವೇ ಮುರಿಯುತ್ತದೆ. ಗುರುತಿಗೆಂದು ಕೊಟ್ಟ ಹೆಸರು ಇಲ್ಲಿ ಬೇಲಿಯಾಗಿದೆ.

ಈಗ ದಿಯತ್ತಿನ ವಿಷಯಕ್ಕೆ ಬರೋಣ. ಗೋತ್ರದ ಹಿತವೂ ರೋಗವೂ ಇಲ್ಲಿ ಒಂದೇ ಕಡೆ ಕಾಣಸಿಗುತ್ತವೆ.

ಸೋಮಾಲಿಗಳು ರಕ್ತಪರಿಹಾರವನ್ನು 'ಮಗ್' ಎನ್ನುತ್ತಾರೆ. ಪುರುಷನ ಜೀವಕ್ಕೆ 100 ಒಂಟೆ, ಮಹಿಳೆಯ ಜೀವಕ್ಕೆ 50. ಇದನ್ನು ಕೊಲೆಗಾರನೊಬ್ಬನೇ ಕೊಡುವುದಿಲ್ಲ. ಕೆಲವು ನೂರರಿಂದ ಕೆಲವು ಸಾವಿರದ ತನಕ ಗಂಡಸರಿರುವ ಬಂಧುಗಳ ಕೂಟವೊಂದು ಹಂಚಿಕೊಂಡು ಕೊಡುತ್ತದೆ. ಕೊಲೆಯಾದವನ ಕಡೆಯ ಕೂಟವು ಹಂಚಿಕೊಂಡು ಪಡೆಯುತ್ತದೆ. ಯಾರು ಎಷ್ಟು ಕೊಡಬೇಕು ಎಂಬುದು 'ಹೇರ್' ಎಂಬ ಒಪ್ಪಂದದಲ್ಲಿ ನಿಗದಿಯಾಗಿರುತ್ತದೆ. ಫಿಕ್ಹ್ ಓದಿದವರಿಗೆ ಇದು ಕೂಡಲೇ 'ಆಕಿಲ'ದ ಅಧ್ಯಾಯವನ್ನು ನೆನಪಿಸುತ್ತದೆ. ಕೈತಪ್ಪಿನಿಂದ ಒಬ್ಬನು ಸತ್ತರೆ ದಿಯತ್ತಿನ ಹೊರೆಯನ್ನು ತಂದೆಯ ಕಡೆಯ ಬಂಧುಗಳು ಹೊರಬೇಕು, ಮೂರು ವರ್ಷಗಳಲ್ಲಿ ತೀರಿಸಬೇಕು. ಎಂತಹ ಕರುಣೆ ನೋಡಿ! ತಪ್ಪು ಮಾಡುವ ಉದ್ದೇಶವಿಲ್ಲದ ಬಡವನು ಒಂದು ಕ್ಷಣದ ಅಚಾತುರ್ಯಕ್ಕೆ ಹಾಳಾಗಬಾರದು, ಸತ್ತವನ ಅನಾಥ ಮಕ್ಕಳೂ ಬರಿಗೈಯಲ್ಲಿ ಉಳಿಯಬಾರದು.

ಆದರೆ ಅದೇ ಫಿಕ್ಹ್ ಒಂದು ಗೆರೆ ಎಳೆದಿದೆ. ಉದ್ದೇಶಪೂರ್ವಕವಾಗಿ ಕೊಂದವನ ಹೊರೆಯನ್ನು ಆಕಿಲ ಹೊರುವುದಿಲ್ಲ. ಅಲ್ಲಿ ಕಿಸಾಸ್, ಅಥವಾ ವಾರಸುದಾರರು ಕ್ಷಮಿಸಿ ದಿಯತ್ತಿಗೆ ಒಪ್ಪಿದರೆ ಕೊಲೆಗಾರನ ಸ್ವಂತ ಸೊತ್ತಿನಿಂದ ಪರಿಹಾರ. ಸೋಮಾಲಿ ಸಂಪ್ರದಾಯವು ಈ ಗೆರೆಯನ್ನು ಅಳಿಸಿಬಿಟ್ಟಿತು. ತಪ್ಪಿ ಕೊಂದರೂ ಬೇಕೆಂದೇ ಕೊಂದರೂ ಕೂಟವೇ ಕೊಡುತ್ತದೆ. ಆಗ ಏನಾಯಿತು? ಕೊಲೆಗಾರನ ಪಾಲಿಗೆ ಬಂದದ್ದು ಒಂದೆರಡು ಒಂಟೆಗಳು ಮಾತ್ರ. ಅಪರಾಧವೂ ಅದೇ ರೀತಿ ಸಣ್ಣ ಸಣ್ಣ ತುಂಡುಗಳಾಗಿ ಎಲ್ಲರ ನಡುವೆ ಹಂಚಿಹೋಯಿತು. ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತರು, ಯಾರ ಮನಸ್ಸಾಕ್ಷಿಯೂ ಪೂರ್ತಿ ಹೊರಲಿಲ್ಲ. ಇದರ ಇನ್ನೊಂದು ಮುಖ ಇನ್ನೂ ಭಯಾನಕ. ಸೇಡಿಗೆ ಹೊರಟವನಿಗೆ ಕೊಲೆಗಾರನೇ ಬೇಕೆಂದಿಲ್ಲ, ಅವನ ಕೂಟದ ಯಾರಾದರೂ ಸಾಕು. ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರಲಾರನೆಂಬ ಕುರ್‌ಆನಿನ ತತ್ವವು ಇಲ್ಲಿ ತಲೆಕೆಳಗಾಗಿದೆ.

ಚರಿತ್ರೆಯ ಮುಂದಿನ ಭಾಗವನ್ನು ಬೇಗನೆ ಹೇಳುತ್ತೇನೆ. 1880ರ ದಶಕದಲ್ಲಿ ಬ್ರಿಟಿಷರು ಇಸಾಕ್ ಶಾಖೆಗಳೊಂದಿಗೆ ಒಂದೊಂದಾಗಿ ಒಪ್ಪಂದ ಮಾಡಿಕೊಂಡು ಸಂರಕ್ಷಿತ ಪ್ರದೇಶ ಸ್ಥಾಪಿಸಿದರು. 1898ರ ತನಕ ಅದರ ಆಡಳಿತವು ಏಡನ್ ಮೂಲಕ ಬ್ರಿಟಿಷ್ ಇಂಡಿಯಾದ ಕೈಯಲ್ಲಿತ್ತು, ಎರಡನೇ ಮಹಾಯುದ್ಧದ ಕಾಲದ ತನಕ ಅಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿ. 1897ರಲ್ಲಿ ಹೌದ್ ಹುಲ್ಲುಗಾವಲಿನ ದೊಡ್ಡ ಭಾಗವನ್ನು ಬ್ರಿಟಿಷರು ಇಥಿಯೋಪಿಯಾಕ್ಕೆ ಬಿಟ್ಟುಕೊಟ್ಟರು. ಮಹಾಯುದ್ಧದಲ್ಲಿ ಮರಳಿ ಕೈಗೆ ಬಂದದ್ದನ್ನು 1954ರ ಒಪ್ಪಂದದ ಮೂಲಕ ಮತ್ತೆ ಒಪ್ಪಿಸಿದರು. ಒಂಟೆಗಳ ಮೇವನ್ನು ಒಂಟೆಗಳ ಒಡೆಯರನ್ನು ಕೇಳದೆಯೇ ದಾನ ಮಾಡಲಾಯಿತು! 1960ರ ಜೂನ್ 26ರಂದು ಸ್ವಾತಂತ್ರ್ಯ. ಜುಲೈ 1ರಂದು ದಕ್ಷಿಣದ ಇಟಾಲಿಯನ್ ಸೋಮಾಲಿಯಾದೊಂದಿಗೆ ವಿಲೀನ.

1969ರಲ್ಲಿ ಸೈನ್ಯದ ಮೂಲಕ ಅಧಿಕಾರ ಹಿಡಿದ ಸಿಯಾದ್ ಬರ್ರೆ ಗೋತ್ರವಾದಕ್ಕೆ ಸಮರ ಸಾರಿದನು. ಗೋತ್ರವಾದದ ಪ್ರತಿಕೃತಿಗಳನ್ನು ಸುಡಲಾಯಿತು. ನಿನ್ನ ಗೋತ್ರ ಯಾವುದು ಎಂದು ಕೇಳುವುದು ಅಪರಾಧವಾಯಿತು. ಜನರು ಅದಕ್ಕೂ ದಾರಿ ಕಂಡುಕೊಂಡರು. ನಿನ್ನ 'ಮಾಜಿ' ಯಾವುದು ಎಂದು ಕೇಳತೊಡಗಿದರು! ನಗು ಬರುತ್ತದೆ. ಆದರೆ ಸುಟ್ಟದ್ದು ಬೊಂಬೆಯನ್ನು ಮಾತ್ರ. ಸರ್ವಾಧಿಕಾರಿಯು ತನ್ನ ಸುತ್ತ ತನ್ನ ತಂದೆಯ, ತಾಯಿಯ ಮತ್ತು ಅಳಿಯನ ಗೋತ್ರಗಳನ್ನೇ ಕಟ್ಟಿಕೊಂಡನೆಂಬುದು ಊರಿಗೆಲ್ಲ ತಿಳಿದಿತ್ತು. ಹರ್‌ಗೇಸಾದ ಸರಕಾರಿ ಆಸ್ಪತ್ರೆಯನ್ನು ತಾವೇ ಹಣ ಕೂಡಿಸಿ ದುರಸ್ತಿ ಮಾಡಿದ ವೈದ್ಯರನ್ನೂ ಶಿಕ್ಷಕರನ್ನೂ ಬಂಧಿಸಿ 1982ರಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು. ಅದಕ್ಕಿಂತ ಮುಂಚೆ, 1981ರಲ್ಲಿ, ಲಂಡನ್‌ನಲ್ಲಿದ್ದ ಇಸಾಕರು ಸೋಮಾಲಿ ರಾಷ್ಟ್ರೀಯ ಚಳವಳಿಯನ್ನು ಸ್ಥಾಪಿಸಿದ್ದರು. 1988ರ ಮೇ ಕೊನೆಯಲ್ಲಿ ಅದರ ಹೋರಾಟಗಾರರು ಬುರ್‌ಆವೊ ಮತ್ತು ಹರ್‌ಗೇಸಾದೊಳಗೆ ನುಗ್ಗಿದರು.

ಉತ್ತರವಾಗಿ ಸರಕಾರವು ತನ್ನದೇ ಪಟ್ಟಣಗಳ ಮೇಲೆ ಬಾಂಬು ಹಾಕಿತು. ಹರ್‌ಗೇಸಾ ವಿಮಾನ ನಿಲ್ದಾಣದಿಂದಲೇ ಹಾರಿದ ವಿಮಾನಗಳು ಹರ್‌ಗೇಸಾದ ಮೇಲೆಯೇ ಬಾಂಬು ಸುರಿದು ಮರಳಿ ಅಲ್ಲಿಯೇ ಇಳಿಯುತ್ತಿದ್ದವು. ಮಾನವ ಹಕ್ಕು ಸಂಘಟನೆಗಳ ಅಂದಾಜಿನಂತೆ ಸತ್ತವರು 50,000ಕ್ಕೂ ಹೆಚ್ಚು. ಲಕ್ಷಾಂತರ ಮಂದಿ ಇಥಿಯೋಪಿಯಾದ ಹರ್ತಶೈಖ್ ಶಿಬಿರದತ್ತ ನಡೆದರು. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಅದೇ ಹೆಸರುಗಳ ಸರಪಳಿಯು ಈಗ ಕೊಲ್ಲಬೇಕಾದವರ ಪಟ್ಟಿಯಾಯಿತು. ಕೊಂದವರೂ ಕಲಿಮಾ ಹೇಳುವವರು, ಸತ್ತವರೂ ಕಲಿಮಾ ಹೇಳುವವರು. ಆ ಜುಲೈಯಲ್ಲಿ ಒಬ್ಬ ಪೈಲಟ್ ಬಾಂಬು ಹಾಕಲು ಒಪ್ಪದೆ ವಿಮಾನವನ್ನು ಜಿಬೂತಿಗೆ ತಿರುಗಿಸಿ ಅಲ್ಲಿ ಇಳಿಸಿದನು. ಅನ್ಯಾಯದಲ್ಲಿ ತನ್ನವರಿಗೆ ನೆರವಾಗುವುದೇ ಅಸಬಿಯ್ಯತ್ ಎಂದು ಪ್ರವಾದಿಯವರು(ಸ) ವಿವರಿಸಿದ್ದಾರೆಂದು ಅಬೂದಾವೂದ್‌ನಲ್ಲಿದೆ. ತನ್ನವರನ್ನು ಪ್ರೀತಿಸುವುದು ಅಸಬಿಯ್ಯತ್ ಅಲ್ಲವೆಂಬುದೂ ಇನ್ನೊಂದು ವರದಿಯಲ್ಲಿದೆ. ಆ ಪೈಲಟ್ ಈ ಹದೀಸನ್ನು ಓದಿದ್ದನೋ ಇಲ್ಲವೋ, ಅದರಂತೆ ನಡೆದನು.

1991ರ ಜನವರಿಯಲ್ಲಿ ಬರ್ರೆ ಓಡಿಹೋದನು. ಉತ್ತರದಲ್ಲಿ ಗೆದ್ದವರು ಇಸಾಕರು. ಅವರ ಸುತ್ತ ಸರಕಾರದ ಪಕ್ಷದಲ್ಲಿ ಹೋರಾಡಿದ್ದ ನೆರೆಯ ಗೋತ್ರಗಳಿದ್ದವು: ಪಶ್ಚಿಮದಲ್ಲಿ ಗದಬುರ್ಸಿ, ಪೂರ್ವದಲ್ಲಿ ಧುಲ್ಬಹಾಂತೆ. ಹಳೆಯ ಲೆಕ್ಕ ತೀರಿಸಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಹಿರಿಯರು ಅದನ್ನು ತಡೆದರು. ಬುರ್‌ಆವೊದಲ್ಲಿ ಸೇರಿದ ಸಮ್ಮೇಳನವು ಮೇ 18ರಂದು ಸೋಮಾಲಿಲ್ಯಾಂಡನ್ನು ಪ್ರತ್ಯೇಕ ದೇಶವೆಂದು ಘೋಷಿಸಿತು. 1993ರಲ್ಲಿ ಬೊರಾಮಾದಲ್ಲಿ 150 ಹಿರಿಯರು ತಿಂಗಳುಗಟ್ಟಲೆ ಕುಳಿತು ಮಾತಾಡಿ ಶಾಂತಿಯ ಒಡಂಬಡಿಕೆಯನ್ನೂ ಸರಕಾರವನ್ನೂ ರಚಿಸಿದರು. ಬೊರಾಮಾ ಗದಬುರ್ಸಿಗಳ ಊರು. ಗೆದ್ದವರು ಸೋತವರ ಮನೆಗೆ ಹೋಗಿ ಕುಳಿತರು. ದಿಯತ್ತನ್ನು ಲೆಕ್ಕ ಹಾಕಲು ಕಲಿತಿದ್ದ ಅದೇ ಹಿರಿಯರು, ಅದೇ 'ಹೇರ್', ಅದೇ ಗೋತ್ರಸಭೆ. ಗೋತ್ರದ ಹಿತವೇನೆಂದು ಕೇಳುವವರಿಗೆ ನಾನು ಬೊರಾಮಾವನ್ನು ತೋರಿಸುತ್ತೇನೆ.

ಆದರೆ ಕಥೆ ಅಲ್ಲಿಗೆ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಇಸಾಕ್ ಶಾಖೆಗಳೇ 1992ರಲ್ಲಿ ಬುರ್‌ಆವೊ ಮತ್ತು ಬರ್ಬೆರಾದಲ್ಲಿ, 1994ರಿಂದ ಮತ್ತೆ ಹರ್‌ಗೇಸಾದಲ್ಲಿ ಪರಸ್ಪರ ಕಾದಾಡಿದವು. ಶತ್ರುವಿಲ್ಲದಾಗ ಗೋತ್ರವು ಒಳಗಿನಿಂದಲೇ ಶತ್ರುವನ್ನು ಹುಡುಕಿಕೊಳ್ಳುತ್ತದೆ. ಬನೂ ಮುಸ್ತಲಿಕ್ ಯಾತ್ರೆಯಿಂದ ಮರಳುವಾಗ ಮುಹಾಜಿರ್ ಮತ್ತು ಅನ್ಸಾರ್‌ಗಳ ಪೈಕಿ ಇಬ್ಬರು ನೀರಿನ ಬಳಿ ಜಗಳವಾಡಿ ತಮ್ಮ ತಮ್ಮವರನ್ನು ಕೂಗಿ ಕರೆದಾಗ, ಆ ಕೂಗು ಕೊಳೆತು ನಾರುವಂತಹದು, ಅದನ್ನು ಬಿಡಿರೆಂದು ಪ್ರವಾದಿಯವರು(ಸ) ತಡೆದದ್ದನ್ನು ನಾವು ಓದಿದ್ದೇವೆ. ಮುಹಾಜಿರ್, ಅನ್ಸಾರ್ ಎಂಬವು ಕುರ್‌ಆನ್ ಹೊಗಳಿದ ಹೆಸರುಗಳು. ಕೂಗಿದ ಬಗೆಯಿಂದ ಅವೂ ನಾರಿದವು.

2023ರ ಫೆಬ್ರವರಿಯಲ್ಲಿ ಧುಲ್ಬಹಾಂತೆಗಳ ಪಟ್ಟಣವಾದ ಲಾಸ್‌ಅನೋದ್‌ನಲ್ಲಿ ಯುದ್ಧ ಆರಂಭವಾಯಿತು. ಅಲ್ಲಿನ ಹಿರಿಯರು ಸೋಮಾಲಿಲ್ಯಾಂಡ್ ಬೇಡ, ಮೊಗಾದಿಶುವಿನೊಂದಿಗೆ ಇರುತ್ತೇವೆ ಎಂದಿದ್ದರು. ಸೋಮಾಲಿಲ್ಯಾಂಡ್ ಸೈನ್ಯದ ಫಿರಂಗಿ ಗುಂಡುಗಳು ಪಟ್ಟಣದ ಮೇಲೆ ಬಿದ್ದವು, ಆಸ್ಪತ್ರೆಯೂ ಉಳಿಯಲಿಲ್ಲ. ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಆಗಸ್ಟ್ 25ರಂದು ಆ ಸೈನ್ಯ ತನ್ನ ನೆಲೆಯನ್ನು ಕಳೆದುಕೊಂಡು ಹಿಂದೆ ಸರಿಯಿತು. 1988ರಲ್ಲಿ ತಾಯಿಯ ಬೆನ್ನ ಮೇಲೆ ಹರ್ತಶೈಖ್‌ಗೆ ಹೋದ ಮಗು 2023ರಲ್ಲಿ ಮೂವತ್ತರ ನಡುವಯಸ್ಸಿನವನಾಗಿದ್ದನು. ಲಾಸ್‌ಅನೋದ್‌ನ ಫಿರಂಗಿಯ ಹಿಂದೆ ನಿಂತವರಲ್ಲಿ ಅಂಥವರೂ ಇದ್ದಿರಬಹುದು.

ಆ ಪಟ್ಟಣದಲ್ಲಿ ಸತ್ತವರ ದಿಯತ್ತನ್ನು ಯಾವ ಆಕಿಲ ಹೊರಬೇಕು? ಗೋತ್ರವೇ? ಸರಕಾರವೇ? ಗುರಿಯಿಟ್ಟವನೇ? ಫಿಕ್ಹ್‌ನ ಹಳೆಯ ಗೆರೆಯನ್ನು ಹಿಡಿದು ನೋಡಿದರೆ, ಕೈತಪ್ಪಿನಿಂದ ಸತ್ತವರೆಷ್ಟು, ಬೇಕೆಂದೇ ಕೊಂದವರೆಷ್ಟು ಎಂದು ಮೊದಲು ಬೇರ್ಪಡಿಸಬೇಕಾಗುತ್ತದೆ. ಅದಕ್ಕೆ ಹರ್‌ಗೇಸಾದಿಂದ ಯಾರಾದರೂ ತಮ್ಮವರ ವಿರುದ್ಧ ಸಾಕ್ಷಿ ನುಡಿಯಬೇಕು. ಸ್ವತಃ ತಮ್ಮ ವಿರುದ್ಧ, ತಂದೆ ತಾಯಿಯ ವಿರುದ್ಧ, ಬಂಧುಗಳ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಲು ಸತ್ಯವಿಶ್ವಾಸಿಗಳಿಗೆ ಆಜ್ಞೆಯಿರುವುದು ಸೂರಃ ಅನ್ನಿಸಾದ 135ನೇ ಸೂಕ್ತದಲ್ಲಿ. ಬೊರಾಮಾದಲ್ಲಿ ಕುಳಿತ ಹಿರಿಯರಲ್ಲಿ ಹೆಚ್ಚಿನವರು ಈಗ ಇಲ್ಲ. ಅವರ ಮೊಮ್ಮಕ್ಕಳು ಹೆಸರುಗಳ ಸರಪಳಿಯನ್ನು ಇಂದಿಗೂ ಬಾಯಿಪಾಠ ಮಾಡುತ್ತಿದ್ದಾರೆ.